ನಿಮ್ಮೂರಿನಲ್ಲಿ ಮಾಪನ ಕೇಂದ್ರವಿಲ್ಲವೇ? ಉಪಗ್ರಹದ ದತ್ತಾಂಶದಿಂದ ಗಾಳಿಯ ಕಣಗಳನ್ನು ಅಂದಾಜು ಮಾಡುವ ಕ್ರಮ

‘ನಮ್ಮ ತಾಲ್ಲೂಕಿನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಯಂತ್ರವಿಲ್ಲ. ಉಪಗ್ರಹದ ಚಿತ್ರ ನೋಡಿ ಇವತ್ತಿನ ಪಿಎಂ2.5 (ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳು) ಎಷ್ಟೆಂದು ಹೇಳಬಹುದೇ?’ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇವತ್ತಿನ ಲೆಕ್ಕ ಹೇಳುವುದು ಕಷ್ಟ, ಹೇಳಿದರೂ ನಂಬುವುದು ಕಷ್ಟ. ತಿಂಗಳಿನ ಸರಾಸರಿ, ಚಳಿಗಾಲಕ್ಕೂ ಬೇಸಿಗೆಗೂ ಇರುವ ವ್ಯತ್ಯಾಸ, ಊರಿನ ಪೂರ್ವಕ್ಕೂ ಪಶ್ಚಿಮಕ್ಕೂ ಇರುವ ವ್ಯತ್ಯಾಸ ಇವನ್ನು ಹೇಳಬಹುದು. ಅದಕ್ಕೂ ಒಂದು ಷರತ್ತಿದೆ: ಎಲ್ಲಾದರೂ ಒಂದು ನೆಲದ ಕೇಂದ್ರದ ಅಳತೆಗೆ ಉಪಗ್ರಹದ ಅಳತೆಯನ್ನು ಹೊಂದಿಸಿ ನೋಡಿರಬೇಕು. ಹಾಗೆ ಹೊಂದಿಸುವ ಕೆಲಸವನ್ನೇ ಇಲ್ಲಿ ಹಂತ ಹಂತವಾಗಿ ಕೊಟ್ಟಿದ್ದೇವೆ.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ನಿಮಗೆ ಬೇಕಿರುವುದು ವರ್ಷದ ಅಥವಾ ತಿಂಗಳಿನ ಒಂದು ಸಂಖ್ಯೆ ಮಾತ್ರವಾದರೆ ಇಷ್ಟೆಲ್ಲ ಕಷ್ಟಪಡಬೇಡಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡವೊಂದು ಉಪಗ್ರಹ, ಗಾಳಿಯ ರಾಸಾಯನಿಕ ಕ್ರಿಯೆಗಳ ಕಂಪ್ಯೂಟರ್ ಮಾದರಿ, ನೆಲದ ಕೇಂದ್ರ ಮೂರನ್ನೂ ಸೇರಿಸಿ 1998ರಿಂದೀಚಿನ ಪಿಎಂ2.5 ನಕ್ಷೆಗಳನ್ನು 0.01 ಡಿಗ್ರಿಯ (ಸುಮಾರು 1 ಕಿಮೀ) ಚೌಕಗಳಲ್ಲಿ ಉಚಿತವಾಗಿ ಕೊಡುತ್ತದೆ. ಅದನ್ನು ಇಳಿಸಿಕೊಂಡು ನಿಮ್ಮೂರಿನ ಚೌಕ ನೋಡಿದರೆ ಕೆಲಸ ಮುಗಿಯಿತು. ದಿನದ ದತ್ತಾಂಶ ಬೇಕಾದವರು, ಲೆಕ್ಕ ಹೇಗೆ ಬಂತೆಂದು ತಿಳಿಯಬೇಕಾದವರು ಮುಂದೆ ಓದಿ.

ಉಪಗ್ರಹ ಅಳೆಯುವುದೇನು?

ಪಿಎಂ2.5 ಎಂದರೆ 2.5 ಮೈಕ್ರೊಮೀಟರ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದ ಕಣಗಳು. ನೆಲದ ಯಂತ್ರವು ಒಂದು ಘನ ಮೀಟರ್ ಗಾಳಿಯಲ್ಲಿ ಅವುಗಳ ತೂಕ ಎಷ್ಟು ಮೈಕ್ರೊಗ್ರಾಂ ಎಂದು ಹೇಳುತ್ತದೆ. ಉಪಗ್ರಹಕ್ಕೆ ತೂಕ ಗೊತ್ತಾಗುವುದಿಲ್ಲ. ನೆಲದಿಂದ ಮೇಲಕ್ಕೆ ಬರುವ ಸೂರ್ಯನ ಬೆಳಕಿನಲ್ಲಿ ನೆಲದ ಪಾಲನ್ನೂ ಅನಿಲಗಳ ಪಾಲನ್ನೂ ಕಳೆದು, ಉಳಿದದ್ದು ತೇಲುಕಣಗಳಿಂದ ಬಂದದ್ದೆಂದು ಅದು ಲೆಕ್ಕ ಹಾಕುತ್ತದೆ. ಆ ಲೆಕ್ಕದ ಫಲವೇ ಎಒಡಿ, ಅಂದರೆ ಏರೋಸಾಲ್ ಆಪ್ಟಿಕಲ್ ಡೆಪ್ತ್. ಕಣಗಳು ಬೆಳಕನ್ನು ಎಷ್ಟು ತಡೆಯುತ್ತವೆ ಎಂಬುದರ ಅಳತೆ ಅದು, ಅದಕ್ಕೆ ಮಾನವಿಲ್ಲ. ಸೂರ್ಯ ನೆತ್ತಿಯ ಮೇಲಿದ್ದಾಗ ಎಒಡಿ 0.1 ಇದ್ದರೆ ನೇರ ಬೆಳಕಿನಲ್ಲಿ ಶೇ 90ರಷ್ಟು ಕಣಗಳ ಅಡ್ಡಿ ದಾಟಿ ನೆಲಕ್ಕೆ ಬರುತ್ತದೆ. 0.5 ಇದ್ದರೆ ಶೇ 61, 1.0 ಇದ್ದರೆ ಶೇ 37.

ಈ ಅಳತೆ ನೆಲದಿಂದ ವಾಯುಮಂಡಲದ ತುದಿಯವರೆಗಿನ ಇಡೀ ಕಂಬದ್ದು ಎಂಬುದನ್ನು ಮರೆಯಬೇಡಿ. ಮೂಗಿನ ಮಟ್ಟದಲ್ಲಿರುವ ಹೊಗೆಯೂ 3 ಕಿಮೀ ಎತ್ತರದಲ್ಲಿ ಸಾಗುತ್ತಿರುವ ಮರುಭೂಮಿಯ ದೂಳೂ ಅದಕ್ಕೆ ಒಂದೇ. ಸಣ್ಣ ಕಣ, ದೊಡ್ಡ ಕಣ ಎರಡೂ ಲೆಕ್ಕಕ್ಕೆ ಸೇರುತ್ತವೆ.

ಬೇಕಾಗುವ ಸಾಮಗ್ರಿ

ಒಂದು ಸಾಧಾರಣ ಕಂಪ್ಯೂಟರ್, ಎಕ್ಸೆಲ್ ಅಥವಾ ಅಂಥದ್ದೇ ಸ್ಪ್ರೆಡ್‌ಶೀಟ್, ಗೂಗಲ್ ಅರ್ತ್ ಎಂಜಿನ್ ಖಾತೆ (ವಾಣಿಜ್ಯೇತರ ಬಳಕೆಗೆ ಉಚಿತ, ನೋಂದಣಿ ಬೇಕು), ಯುರೋಪಿನ ಕೊಪರ್ನಿಕಸ್ ಹವಾಮಾನ ದತ್ತಾಂಶ ತಾಣದಲ್ಲಿ ಒಂದು ಖಾತೆ, ಮತ್ತು ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯ (ಸಿಪಿಸಿಬಿ) ತಾಣದಿಂದ ಹತ್ತಿರದ ಕೇಂದ್ರದ ಗಂಟೆಗಂಟೆಯ ದತ್ತಾಂಶ. ಕನಿಷ್ಠ ಒಂದು ಪೂರ್ತಿ ವರ್ಷದ್ದಿರಲಿ, ಎರಡಾದರೆ ಒಳ್ಳೆಯದು. ಚಳಿಗಾಲದ ಮೂರೇ ತಿಂಗಳಿನ ದತ್ತಾಂಶದಿಂದ ಮಾಡಿದ ಸೂತ್ರ ಏಪ್ರಿಲ್‌ನಲ್ಲಿ ಕೈಕೊಡುತ್ತದೆ.

ಹಂತ 1: ಮೊದಲು ಕಣ್ಣಿನಿಂದ ನೋಡಿ

ನಾಸಾದ ವರ್ಲ್ಡ್‌ವ್ಯೂ ತಾಣ ತೆರೆದು ನಿಮ್ಮ ಜಿಲ್ಲೆಗೆ ಹೋಗಿ. ಸಹಜ ಬಣ್ಣದ ಚಿತ್ರದ ಮೇಲೆ ಎಒಡಿ ಪದರವನ್ನೂ ಬೆಂಕಿಯ ಚುಕ್ಕೆಗಳ ಪದರವನ್ನೂ ಹಾಕಿಕೊಂಡು ಜನವರಿ, ಏಪ್ರಿಲ್, ಜುಲೈ, ನವೆಂಬರ್‌ಗಳಲ್ಲಿ ಒಂದೊಂದು ವಾರ ಹಿಂದೆ ಮುಂದೆ ಸರಿಸಿ ನೋಡಿ. ಮೋಡವಿದ್ದಲ್ಲಿ ಎಒಡಿ ಖಾಲಿ ಇರುವುದು, ಜುಲೈ ಹೆಚ್ಚುಕಡಿಮೆ ಪೂರ್ತಿ ಖಾಲಿ ಇರುವುದು ಆಗಲೇ ಕಾಣುತ್ತದೆ. ಈ ಅಳತೆ ಕೊಡುವ ನಾಸಾ ಉಪಗ್ರಹಗಳ ಮೋಡಿಸ್ ಉಪಕರಣ ಒಮ್ಮೆ ಹಾಯುವಾಗ ನೋಡುವ ಪಟ್ಟಿಯ ಅಗಲ 2,330 ಕಿಮೀ. ನಮ್ಮ ಅಕ್ಷಾಂಶದಲ್ಲಿ ಅಕ್ಕಪಕ್ಕದ ಎರಡು ಪಟ್ಟಿಗಳ ನಡುವೆ ಸಂದು ಬೀಳುವುದರಿಂದ ಕೆಲವು ದಿನ ಆಕಾಶ ತಿಳಿಯಾಗಿದ್ದರೂ ದತ್ತಾಂಶ ಇರುವುದಿಲ್ಲ. ಅದು ನಿಮ್ಮ ತಪ್ಪಲ್ಲ.

ಹಂತ 2: ದತ್ತಾಂಶವನ್ನು ಆರಿಸಿ

ಊರಿನ ಮಟ್ಟದ ಕೆಲಸಕ್ಕೆ ನಮ್ಮ ಆಯ್ಕೆ ಎಂಸಿಡಿ19ಎ2. ಟೆರಾ (1999ರಲ್ಲಿ ಉಡಾವಣೆ), ಅಕ್ವಾ (2002) ಉಪಗ್ರಹಗಳ ಮೋಡಿಸ್ ಉಪಕರಣಗಳಿಂದ ಮೈಯಾಕ್ ಎಂಬ ವಿಧಾನದಲ್ಲಿ ತಯಾರಾಗುವ ಇದು 1 ಕಿಮೀ ಚೌಕದ ದತ್ತಾಂಶ. ಮೈಯಾಕ್ ಒಂದೇ ಜಾಗವನ್ನು ಹಲವು ದಿನ ಸತತವಾಗಿ ನೋಡಿ, ಬದಲಾಗದ ನೆಲವನ್ನೂ ಬದಲಾಗುವ ಗಾಳಿಯನ್ನೂ ಬೇರ್ಪಡಿಸುತ್ತದೆ. ಹಳೆಯ 10 ಕಿಮೀ ದತ್ತಾಂಶದಲ್ಲಿ ಇಡೀ ತಾಲ್ಲೂಕು ಕೇಂದ್ರ ಒಂದೇ ಚೌಕದಲ್ಲಿ ಅಡಗಿಹೋಗುತ್ತದೆ.

ಇಸ್ರೊದ ಇನ್ಸಾಟ್-3ಡಿಆರ್, 3ಡಿಎಸ್ ಉಪಗ್ರಹಗಳ ದತ್ತಾಂಶ ಅಹಮದಾಬಾದಿನ ಮೋಸ್ಡ್ಯಾಕ್ ತಾಣದಲ್ಲಿ ಸಿಗುತ್ತದೆ. ಭೂಸ್ಥಿರ ಕಕ್ಷೆಯಿಂದ ಅರ್ಧ ಗಂಟೆಗೊಮ್ಮೆ ಚಿತ್ರ ತೆಗೆಯುವುದು ಅವುಗಳ ದೊಡ್ಡ ಅನುಕೂಲ. ದೂಳಿನ ಮೋಡ ಎತ್ತ ಸಾಗುತ್ತಿದೆ ಎಂದು ನೋಡಲು ಅದು ಚೆನ್ನ. ಚೌಕ ದೊಡ್ಡದಾದ್ದರಿಂದ ಬಡಾವಣೆ ಬಡಾವಣೆಗಳ ಹೋಲಿಕೆಗೆ ಆಗದು.

*ಎಚ್ಚರಿಕೆ:* ಟೆರಾ ಬೆಳಿಗ್ಗೆ ಸುಮಾರು 10:30ಕ್ಕೆ, ಅಕ್ವಾ ಮಧ್ಯಾಹ್ನ 1:30ರ ಹೊತ್ತಿಗೆ ಹಾಯುತ್ತದೆಂದು ಎಲ್ಲ ಕಡೆ ಬರೆದಿರುತ್ತದೆ. ಇಂಧನ ಉಳಿಸಲು ಕಕ್ಷೆ ಸರಿಪಡಿಸುವುದನ್ನು ನಿಲ್ಲಿಸಿದ ಮೇಲೆ ಟೆರಾದ ಸಮಯ ಬೆಳಗಿನ ಕಡೆಗೂ ಅಕ್ವಾದ ಸಮಯ ಸಂಜೆಯ ಕಡೆಗೂ ಸರಿಯುತ್ತ ಬಂದಿದೆ. 2018ನ್ನೂ 2024ನ್ನೂ ಹೋಲಿಸಿ ‘ಮಾಲಿನ್ಯ ಏರಿದೆ’ ಎಂದರೆ, ಬೇರೆ ಬೇರೆ ಗಂಟೆಗಳನ್ನು ಹೋಲಿಸಿದ ಹಾಗಾಗುತ್ತದೆ. ಇತ್ತೀಚಿನ ವರ್ಷಗಳ ಏರಿಳಿತ ಬೇಕಿದ್ದರೆ ಸುವೋಮಿ ಎನ್‌ಪಿಪಿ, ನೋವಾ-20 ಉಪಗ್ರಹಗಳ ವಿಐಐಆರ್‌ಎಸ್ ಉಪಕರಣದ ದತ್ತಾಂಶ ಬಳಸಿ.

ಹಂತ 3: ಇಳಿಸಿಕೊಳ್ಳಿ, ಜರಡಿ ಹಿಡಿಯಿರಿ

ಅರ್ತ್ ಎಂಜಿನ್‌ನಲ್ಲಿ ಎಂಸಿಡಿ19ಎ2ರ 061 ಆವೃತ್ತಿಯನ್ನು ಹುಡುಕಿ, ನಿಮ್ಮ ಜಾಗ ಮತ್ತು ದಿನಾಂಕಗಳನ್ನು ಕೊಟ್ಟು, 550 ನ್ಯಾನೊಮೀಟರ್ ತರಂಗಾಂತರದ (ಹಸಿರು ಬೆಳಕಿನ) ಎಒಡಿ ಮತ್ತು ಗುಣಮಟ್ಟದ ಸಂಖ್ಯೆ (ಕ್ಯುಎ) ಎರಡನ್ನೂ ಪಟ್ಟಿಯಾಗಿ ಹೊರತೆಗೆಯಿರಿ. ಅದೇ ಕಡತದಲ್ಲಿ 470 ನ್ಯಾನೊಮೀಟರ್‌ನ ಎಒಡಿಯೂ ಇರುತ್ತದೆ. ಎರಡನ್ನೂ ಬೆರೆಸಬೇಡಿ, ನೀಲಿ ಬೆಳಕಿನ ಎಒಡಿ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಮೂಲ ಕಡತಗಳನ್ನೇ ಇಳಿಸಿಕೊಳ್ಳುವವರಿಗೆ ಒಂದು ಅನುಕೂಲ: ಕಡತಗಳನ್ನು ದೊಡ್ಡ ದೊಡ್ಡ ಭೂಭಾಗಗಳಾಗಿ ಹಂಚಿರುತ್ತಾರೆ, ಇಡೀ ಕರ್ನಾಟಕ ಎಚ್25ವಿ07 ಎಂಬ ಒಂದೇ ಭಾಗದಲ್ಲಿ ಸಿಗುತ್ತದೆ.

ಕಡತದಲ್ಲಿ 412 ಎಂದಿದ್ದರೆ ಎಒಡಿ 412 ಅಲ್ಲ, ಅದನ್ನು 0.001ರಿಂದ ಗುಣಿಸಬೇಕು. ಅಂದರೆ 0.412. ಮೂಲ ಕಡತದಲ್ಲಿ -28672 ಎಂದಿದ್ದರೆ ಅಲ್ಲಿ ಅಳತೆಯೇ ಇಲ್ಲ ಎಂದರ್ಥ. ಅದನ್ನು ತೆಗೆಯದೆ ಸರಾಸರಿ ಹಾಕಿದರೆ ನಿಮ್ಮೂರಿನ ಗಾಳಿ ಸೊನ್ನೆಗಿಂತ ಶುದ್ಧವಾಗಿರುತ್ತದೆ! ಕಡತದ ಹೆಸರಿನಲ್ಲಿರುವ 2024032 ಎಂದರೆ 2024ರ 32ನೇ ದಿನ, ಫೆಬ್ರುವರಿ 1. ಅದನ್ನು ಮಾರ್ಚ್ 2 ಎಂದು ಓದಿದರೆ ಮುಂದಿನ ಎಲ್ಲ ಹಂತವೂ ಹಾಳು.

ಗುಣಮಟ್ಟದ ಸಂಖ್ಯೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಅದು ಒಂದೇ ಸಂಖ್ಯೆಯಂತೆ ಕಂಡರೂ ಒಳಗೆ ಹಲವು ಮಾಹಿತಿಗಳನ್ನು ಬಿಟ್‌ಗಳಾಗಿ (ಸೊನ್ನೆ-ಒಂದುಗಳ ಮನೆಗಳಾಗಿ) ತುಂಬಿರುತ್ತಾರೆ. ಮೋಡ ಇದೆಯೇ, ಕೆಳಗೆ ನೆಲವೋ ನೀರೋ, ಪಕ್ಕದ ಚೌಕದಲ್ಲಿ ಮೋಡವೇ, ಎಒಡಿ ಎಷ್ಟು ನಂಬಿಕೆಗೆ ಅರ್ಹ, ಕಣದ ಬಗೆ ಯಾವುದು ಎಲ್ಲವೂ ಅದರಲ್ಲೇ. ನಮಗೆ ಬೇಕಾದ್ದು 8ರಿಂದ 11ನೇ ಬಿಟ್‌ಗಳು, ಆ ನಾಲ್ಕೂ ಸೊನ್ನೆ ಇದ್ದರೆ ಉತ್ತಮ ಗುಣಮಟ್ಟ. ಎಕ್ಸೆಲ್‌ನಲ್ಲಿ ಹೀಗೆ ಮಾಡಿ: ಸಂಖ್ಯೆಯನ್ನು 256ರಿಂದ ಭಾಗಿಸಿ ಪೂರ್ಣಾಂಕವನ್ನಷ್ಟೇ ಇಟ್ಟುಕೊಳ್ಳಿ, ಅದನ್ನು 16ರಿಂದ ಭಾಗಿಸಿದಾಗ ಶೇಷ 0 ಬಂದರೆ ಆ ಸಾಲನ್ನು ಉಳಿಸಿ. 769 ಇದ್ದರೆ ಪೂರ್ಣಾಂಕ 3, ಶೇಷವೂ 3. ಪಕ್ಕದ ಒಂದು ಚೌಕದಲ್ಲಿ ಮೋಡವಿದೆ ಎಂದರ್ಥ, ಬಿಟ್ಟುಬಿಡಿ.

ಮೋಡವಿಲ್ಲದ ನೆಲದ ಮೇಲಿನ ಒಳ್ಳೆಯ ಅಳತೆಗೆ ಈ ಸಂಖ್ಯೆ ಬಹುಪಾಲು 1 ಇರುತ್ತದೆ. ಅದನ್ನು ನೋಡಿ ಹಲವರು ‘1 ಇದ್ದದ್ದನ್ನು ಮಾತ್ರ ಇಟ್ಟುಕೊಂಡರಾಯಿತು’ ಎಂದುಕೊಳ್ಳುತ್ತಾರೆ. ಆದರೆ ಕಣದ ಬಗೆ ಹೊಗೆ ಎಂದು ಗುರುತಾದಾಗ ಸಂಖ್ಯೆ 8193, ದೂಳು ಎಂದು ಗುರುತಾದಾಗ 16385 ಆಗುತ್ತದೆ. ಎರಡೂ ಉತ್ತಮ ಗುಣಮಟ್ಟದವೇ. 1ನ್ನು ಮಾತ್ರ ಇಟ್ಟುಕೊಂಡರೆ ಹೊಗೆಯ ದಿನ, ದೂಳಿನ ದಿನಗಳನ್ನೇ ಆರಿಸಿ ಆರಿಸಿ ಹೊರಗೆಸೆದಂತೆ. ಗಾಳಿ ಕೆಟ್ಟ ದಿನಗಳೇ ಇಲ್ಲದ ಮಾಲಿನ್ಯದ ಲೆಕ್ಕ ತಯಾರಾಗುತ್ತದೆ.

ಕರಾವಳಿಯವರಿಗೆ ಪ್ರತ್ಯೇಕ ಸೂಚನೆ: ಕಡಲಂಚಿನಿಂದ 2 ಕಿಮೀ ಒಳಗಿನ ಚೌಕಗಳಲ್ಲಿ ನೆಲ-ನೀರು ಬೆರೆಯುವುದರಿಂದ ಪಕ್ಕದ ಚೌಕದ ಎಒಡಿಯನ್ನೇ ತುಂಬಿರುವುದುಂಟು. ಮಂಗಳೂರು, ಕಾರವಾರದಂಥ ಊರುಗಳಲ್ಲಿ ಮೇಲಿನ ಜರಡಿ ಹಿಡಿದರೆ ಅವು ತಾವಾಗಿಯೇ ಉದುರುತ್ತವೆ. ಉಳಿದದ್ದು ಕಡಿಮೆಯಾಯಿತೆಂದು ಜರಡಿ ಸಡಿಲಿಸಬೇಡಿ.

ಹಂತ 4: ನೆಲದ ದತ್ತಾಂಶವನ್ನೂ ಅನುಮಾನಿಸಿ

ಸರ್ಕಾರಿ ಯಂತ್ರದ ಅಂಕಿ ಎಂದು ಕಣ್ಣುಮುಚ್ಚಿ ಒಪ್ಪಬೇಡಿ. ಕರೆಂಟು ಹೋಗುತ್ತದೆ, ಕಣ ಹಿಡಿಯುವ ಪಟ್ಟಿ ಮುಗಿಯುತ್ತದೆ, ಒಳಸೇರುವ ಕೊಳವೆ ಕಟ್ಟಿಕೊಳ್ಳುತ್ತದೆ. ಮೂರು ತಪಾಸಣೆ ಸಾಕು: ಒಂದೇ ಅಂಕಿ ನಾಲ್ಕಾರು ಗಂಟೆ ಒಂದೇ ಸಮ ಬಂದಿದ್ದರೆ ತೆಗೆಯಿರಿ, ಪಿಎಂ2.5ರ ಅಂಕಿ ಪಿಎಂ10ಕ್ಕಿಂತ ಹೆಚ್ಚಿದ್ದರೆ ತೆಗೆಯಿರಿ (10 ಮೈಕ್ರೊಮೀಟರ್‌ವರೆಗಿನ ಕಣಗಳಾದ ಪಿಎಂ10ರೊಳಗೇ ಪಿಎಂ2.5 ಸೇರಿರುವುದರಿಂದ ಅದು ಅಸಾಧ್ಯ); ಹಿಂದಿನ ಮುಂದಿನ ಗಂಟೆಗಳಿಗೆ ಸಂಬಂಧವಿಲ್ಲದೆ ಒಂದೇ ಗಂಟೆ ಆಕಾಶಕ್ಕೆ ನೆಗೆದಿದ್ದರೆ ಪ್ರಶ್ನೆಚಿಹ್ನೆ ಹಾಕಿಡಿ. ಕೊನೆಯದನ್ನು ತಕ್ಷಣ ಅಳಿಸಬೇಡಿ, ದೀಪಾವಳಿ ರಾತ್ರಿಯ ಅಂಕಿ ಹಾಗೇ ಇರುತ್ತದೆ.

ನಿಮ್ಮೂರಿನಲ್ಲಿ ಕೇಂದ್ರವಿಲ್ಲದಿದ್ದರೆ ಹವೆ, ಎತ್ತರ, ಮಳೆ ಹೋಲುವ ಊರಿನ ಕೇಂದ್ರ ಆರಿಸಿ. ಹಾವೇರಿಯವರಿಗೆ ಹುಬ್ಬಳ್ಳಿ ಅಥವಾ ದಾವಣಗೆರೆ, ಮಂಡ್ಯದವರಿಗೆ ಮೈಸೂರು ಸರಿ. ಮಂಗಳೂರಿನ ದತ್ತಾಂಶದಿಂದ ಕಲಬುರಗಿಯ ಲೆಕ್ಕ ಮಾಡಲಾಗದು. ಬೆಂಗಳೂರಿನವರಿಗೆ ಹೆಬ್ಬಾಳ, ಪೀಣ್ಯ, ಜಯನಗರದಂಥ ಹಲವು ಕೇಂದ್ರಗಳಿವೆ. ಅಲ್ಲಿ ಬೇರೆ ತೊಂದರೆ: ಸಿಗ್ನಲ್ ಪಕ್ಕದ ಯಂತ್ರ ಆ ಸಿಗ್ನಲ್ಲಿನ ಹೊಗೆಯನ್ನು ಅಳೆಯುತ್ತದೆ, ಉಪಗ್ರಹ 1 ಚದರ ಕಿಮೀ ಸರಾಸರಿ ಕೊಡುತ್ತದೆ. ರಸ್ತೆಯಂಚಿನದ್ದಕ್ಕಿಂತ ವಸತಿ ಪ್ರದೇಶದ ಕೇಂದ್ರ ಮೇಲು.

ಹಂತ 5: ಜೋಡಿ ಮಾಡಿ

ಕೇಂದ್ರವಿರುವ ಚೌಕ ಮತ್ತು ಅದರ ಸುತ್ತಲಿನ ಎಂಟು, ಒಟ್ಟು ಒಂಬತ್ತು ಚೌಕಗಳಲ್ಲಿ ಕನಿಷ್ಠ ಮೂರರಲ್ಲಿ ಒಳ್ಳೆಯ ಅಳತೆಯಿದ್ದರೆ ಅವುಗಳ ಸರಾಸರಿ ತೆಗೆದುಕೊಳ್ಳಿ. ನೆಲದ ದತ್ತಾಂಶದಿಂದ ಉಪಗ್ರಹ ಹಾಯ್ದ ಹೊತ್ತಿನ ಹಿಂದೆ ಮುಂದೆ ಅರ್ಧರ್ಧ ಗಂಟೆಯ ಸರಾಸರಿ ಇರಲಿ.

*ಎಚ್ಚರಿಕೆ:* ಉಪಗ್ರಹದ ಸಮಯ ಅಂತರರಾಷ್ಟ್ರೀಯ ಸಮಯ (ಯುಟಿಸಿ), ಸಿಪಿಸಿಬಿಯದು ಭಾರತೀಯ ಸಮಯ. ಕಡತದಲ್ಲಿ 0510 ಎಂದಿದ್ದರೆ ನಮ್ಮ ಗಡಿಯಾರದಲ್ಲಿ 10:40. ಐದೂವರೆ ಗಂಟೆ ಸೇರಿಸಲು ಮರೆತರೆ ಬೆಳಗಿನ ಜಾವದ ಗಾಳಿಗೂ ಹಗಲಿನ ಎಒಡಿಗೂ ಗಂಟು ಹಾಕುತ್ತೀರಿ. ಸೂತ್ರ ತಪ್ಪಿದೆ ಎಂದು ಯಾವ ಸಂದೇಶವೂ ಬರುವುದಿಲ್ಲ, ಉತ್ತರ ಮಾತ್ರ ಕೆಟ್ಟಿರುತ್ತದೆ.

ಹಂತ 6: ಎತ್ತರ ಮತ್ತು ತೇವ

ನೆಲದ ಹೊಗೆ, ದೂಳು ಹಗಲಿನಲ್ಲಿ ಎಷ್ಟು ಎತ್ತರದವರೆಗೆ ಕದಡಿಕೊಳ್ಳುತ್ತದೋ ಅದನ್ನು ಮಿಶ್ರಣ ಪದರ ಎನ್ನೋಣ. ಅದರ ಮಹತ್ವವನ್ನು ಒಂದು ಅಂದಾಜು ಲೆಕ್ಕದಲ್ಲಿ ನೋಡಿ. ಎಒಡಿ 0.4, ಕಣಗಳೆಲ್ಲ ಮಿಶ್ರಣ ಪದರದಲ್ಲೇ ಇವೆ, ಒಣ ಕಣದ ಒಂದು ಗ್ರಾಂ 4 ಚದರ ಮೀಟರ್‌ನಷ್ಟು ಬೆಳಕು ತಡೆಯುತ್ತದೆ, ತೇವದಿಂದ ಅದು ಒಂದೂವರೆ ಪಟ್ಟಾಗುತ್ತದೆ ಎಂದಿಟ್ಟುಕೊಳ್ಳಿ. ಪದರ 1,500 ಮೀಟರ್ ಇದ್ದರೆ 0.4 ÷ (4 × 1.5 × 1500), ಅಂದರೆ ಘನ ಮೀಟರಿಗೆ ಸುಮಾರು 44 ಮೈಕ್ರೊಗ್ರಾಂ. ಪದರ 500 ಮೀಟರಿಗೆ ಇಳಿದರೆ ಅದೇ ಎಒಡಿಗೆ 133. ಏಪ್ರಿಲ್ ಮಧ್ಯಾಹ್ನ 3,000 ಮೀಟರಿಗೆ ಏರಿದರೆ 22. ಭಾರತದ 24 ಗಂಟೆಯ ಮಾನದಂಡ 60 ಮೈಕ್ರೊಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದು 15. ಒಂದೇ ಎಒಡಿ ನಮ್ಮ ಮಾನದಂಡದ ಒಳಗೂ ಇರಬಹುದು, ಎರಡು ಪಟ್ಟು ಮೀರಿಯೂ ಇರಬಹುದು. ‘ಎಒಡಿಯನ್ನು ಇಷ್ಟರಿಂದ ಗುಣಿಸಿದರೆ ಪಿಎಂ2.5’ ಎಂಬ ಸಿದ್ಧ ಸೂತ್ರಗಳನ್ನು ನಂಬಬಾರದೆನ್ನುವುದು ಇದಕ್ಕೇ.

ಪದರದ ಎತ್ತರ ಕೊಪರ್ನಿಕಸ್ ತಾಣದ ಇಆರ್‌ಎ5 ಎಂಬ ಹವಾಮಾನ ದತ್ತಾಂಶದಲ್ಲಿ ಗಂಟೆಗಂಟೆಗೆ, 0.25 ಡಿಗ್ರಿ ಚೌಕಗಳಲ್ಲಿ ಸಿಗುತ್ತದೆ. ‘ಬೌಂಡರಿ ಲೇಯರ್ ಹೈಟ್’ ಎಂದು ಹುಡುಕಿ. ನೆಲಮಟ್ಟದ ತೇವಾಂಶಕ್ಕೆ ಅದರಲ್ಲಿ ನೇರ ಅಂಕಿಯಿಲ್ಲ, 2 ಮೀಟರ್ ಎತ್ತರದ ಉಷ್ಣಾಂಶ ಮತ್ತು ಇಬ್ಬನಿ ಬಿಂದುವಿನಿಂದ ಲೆಕ್ಕ ಹಾಕಬೇಕು. ಹತ್ತಿರದ ಸಿಪಿಸಿಬಿ ಕೇಂದ್ರ ತೇವಾಂಶ ಅಳೆಯುತ್ತಿದ್ದರೆ ಅದೇ ಸಾಕು. ತೇವ ಹೀರಿ ಊದಿಕೊಂಡ ಕಣ ಹೆಚ್ಚು ಬೆಳಕು ತಡೆಯುತ್ತದೆ, ನೆಲದ ಯಂತ್ರ ಗಾಳಿಯನ್ನು ಬಿಸಿಮಾಡಿ ಒಣಗಿಸಿ ತೂಗುತ್ತದೆ. ತೇವಾಂಶ ಶೇ 90 ದಾಟಿದ ದಿನಗಳನ್ನು ಕೈಬಿಡುವುದೇ ಲೇಸು.

ಹಂತ 7: ಸೂತ್ರ ಕಟ್ಟಿ, ಪರೀಕ್ಷಿಸಿ

ಪಿಎಂ2.5, ಎಒಡಿ, ಪದರದ ಎತ್ತರ ಮೂರಕ್ಕೂ ಸಹಜ ಲಾಗ್ (ಎಲ್‌ಎನ್) ತೆಗೆಯಿರಿ. ಪಿಎಂ2.5ರ ಲಾಗ್ ಅನ್ನು ಎಒಡಿಯ ಲಾಗ್, ಎತ್ತರದ ಲಾಗ್, ತೇವಾಂಶ ಇವುಗಳ ಮೇಲೆ ರಿಗ್ರೆಷನ್ ಮಾಡಿ, ಅಂದರೆ ಒಂದು ಅಂಕಿ ಇತರ ಅಂಕಿಗಳ ಜೊತೆ ಹೇಗೆ ಬದಲಾಗುತ್ತದೆಂದು ರೇಖೆ ಹೊಂದಿಸಿ. ಎಕ್ಸೆಲ್‌ನಲ್ಲೇ ಇರುವ ಲೈನೆಸ್ಟ್ (LINEST) ಎಂಬ ಆದೇಶ ಇದಕ್ಕೆ ಸಾಕು. ಎಒಡಿಯ ಗುಣಕ ಧನವಾಗಿಯೂ ಎತ್ತರದ್ದು, ತೇವಾಂಶದ್ದು ಋಣವಾಗಿಯೂ ಬರಬೇಕು. ಎತ್ತರದ ಗುಣಕ ಧನವಾಗಿ ಬಂದರೆ ಮೊದಲು ಅನುಮಾನಿಸಬೇಕಾದ್ದು ಐದೂವರೆ ಗಂಟೆಯನ್ನು.

ಲಾಗ್‌ನಿಂದ ಮತ್ತೆ ಮೈಕ್ರೊಗ್ರಾಂಗೆ ಬರುವಾಗ ಸರಾಸರಿ ಕೆಳಗೆ ಜಾರುತ್ತದೆ. ಪ್ರತಿ ಸಾಲಿನಲ್ಲಿ ನಿಜವಾದ ಅಳತೆಯ ಲಾಗ್‌ನಿಂದ ಸೂತ್ರ ಕೊಟ್ಟ ಲಾಗ್ ಕಳೆದು ಬರುವ ವ್ಯತ್ಯಾಸವನ್ನು ಘಾತಕ್ಕೇರಿಸಿ (ಇಎಕ್ಸ್‌ಪಿ), ಅವುಗಳ ಸರಾಸರಿಯಿಂದ ಉತ್ತರವನ್ನು ಗುಣಿಸಿದರೆ ಸರಿಹೋಗುತ್ತದೆ.

ಪರೀಕ್ಷೆಗೆ ಸಾಲುಗಳನ್ನು ಅಲ್ಲಲ್ಲಿ ಹೆಕ್ಕಿ ಬದಿಗಿಡುವ ರೂಢಿಯಿದೆ, ಅದು ನಮ್ಮನ್ನು ನಾವೇ ವಂಚಿಸಿಕೊಳ್ಳುವ ದಾರಿ. ನಿನ್ನೆಯ ಗಾಳಿ ಇವತ್ತಿನದನ್ನು ಹೋಲುವುದರಿಂದ ಸೂತ್ರ ಆಗಲೇ ಉತ್ತರ ಕಂಡಿರುತ್ತದೆ. ಒಂದು ಇಡೀ ಕೇಂದ್ರವನ್ನು, ಇಲ್ಲವೇ ಒಂದು ಇಡೀ ತಿಂಗಳನ್ನು ಹೊರಗಿಟ್ಟು ಅಲ್ಲಿ ಸೂತ್ರ ಎಷ್ಟು ತಪ್ಪುತ್ತದೆಂದು ನೋಡಿ.

ತಪ್ಪು ದೊಡ್ಡದಾಗಿ ಕಂಡರೆ ಗಾಬರಿಯಾಗಬೇಡಿ. ಮೋಡಿಸ್‌ನ ಡಾರ್ಕ್ ಟಾರ್ಗೆಟ್ ಎಂಬ ಹಳೆಯ ವಿಧಾನದಲ್ಲಿ ನೆಲದ ಮೇಲಿನ ಎಒಡಿಗೆ ಒಪ್ಪಿತ ದೋಷಮಿತಿ ±(0.05 + ಎಒಡಿಯ ಶೇ 15). ಎಒಡಿ 1.0 ಮುಟ್ಟುವ ದೆಹಲಿಯ ದಿನದಲ್ಲಿ ಅದು ±0.2, ಐದರಲ್ಲೊಂದು ಪಾಲು. ನಮ್ಮಲ್ಲಿ 0.2 ಇರುವ ದಿನ ±0.08, ಅಂದರೆ ಶೇ 40. ಗಾಳಿ ತಕ್ಕಮಟ್ಟಿಗೆ ಚೆನ್ನಾಗಿರುವ ಊರಿನಲ್ಲಿ ಉಪಗ್ರಹದ ಒಂದು ದಿನದ ಅಳತೆ ಇಷ್ಟು ಸಡಿಲ. ಗಂಗಾ ಬಯಲಿನ ಅಧ್ಯಯನಗಳ ನಿಖರತೆಯನ್ನು ಇಲ್ಲಿ ನಿರೀಕ್ಷಿಸುವಂತಿಲ್ಲ.

ಹಂತ 8: ದಿನದಿಂದ ತಿಂಗಳಿಗೆ

ಎರಡು ತಿದ್ದುಪಡಿ ಬೇಕು. ಮೊದಲನೆಯದು ಹೊತ್ತಿನದು. ಕಣಗಳು ಹೆಚ್ಚುವುದು ಪದರ ಕುಸಿದಿರುವ ರಾತ್ರಿ ಮತ್ತು ಮುಂಜಾನೆ, ಉಪಗ್ರಹ ಹಾಯುವುದು ಹಗಲು. ಪಟಾಕಿಯ ಹೊಗೆಯಾಗಲಿ, ಸಂಜೆ ಕಬ್ಬಿನ ರವದಿಗೆ ಇಟ್ಟ ಬೆಂಕಿಯ ಹೊಗೆಯಾಗಲಿ ಮರುದಿನದವರೆಗೆ ನಿಂತಿದ್ದರೆ ಮಾತ್ರ ಕಂಡೀತು. ನೆಲದ ಕೇಂದ್ರದಲ್ಲಿ 24 ಗಂಟೆಯ ಸರಾಸರಿ, ಉಪಗ್ರಹದ ಹೊತ್ತಿನ ಸರಾಸರಿಯ ಎಷ್ಟು ಪಟ್ಟಿದೆಯೆಂದು ಪ್ರತಿ ತಿಂಗಳಿಗೂ ಕಂಡುಕೊಂಡು ಗುಣಿಸಿ. ಡಿಸೆಂಬರ್‌ನ ಪಟ್ಟನ್ನು ಮೇ ತಿಂಗಳಿಗೆ ಹಚ್ಚಬೇಡಿ.

ಎರಡನೆಯದು ಮೋಡದ್ದು. ಅಳತೆ ಸಿಕ್ಕಿದ್ದೆಲ್ಲ ತಿಳಿ ಆಕಾಶದ ದಿನಗಳು. ನೆಲದ ಕೇಂದ್ರದಲ್ಲಿ ಆ ದಿನಗಳ ಸರಾಸರಿಗೂ ಎಲ್ಲ ದಿನಗಳ ಸರಾಸರಿಗೂ ಎಷ್ಟು ಅಂತರವೆಂದು ನೋಡಿ, ಋತುವಾರು ತಿದ್ದಿ. ತಿಂಗಳಿನಲ್ಲಿ ಎಂಟು ದಿನವೂ ಸಿಗದಿದ್ದರೆ ಆ ತಿಂಗಳನ್ನು ಖಾಲಿ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಬಹುಭಾಗ ಖಾಲಿಯೇ ಉಳಿಯುತ್ತದೆ, ಉಳಿಯಲಿ.

ಹಂತ 9: ಪ್ರಕಟಿಸುವ ಮುನ್ನ

ನಕ್ಷೆಯ ಕೆಳಗೆ ನಾಲ್ಕು ವಿವರ ಬರೆಯಿರಿ: ಯಾವ ಉಪಗ್ರಹದ ಯಾವ ಆವೃತ್ತಿ, ಎಷ್ಟು ದಿನಗಳ ಅಳತೆ ಸಿಕ್ಕಿತು, ಯಾವ ಕೇಂದ್ರಕ್ಕೆ ಹೊಂದಿಸಿದಿರಿ, ಹೊರಗಿಟ್ಟ ದತ್ತಾಂಶದಲ್ಲಿ ತಪ್ಪು ಎಷ್ಟು ಬಂತು. ಬಣ್ಣದ ಪಟ್ಟಿಯನ್ನು ತಪ್ಪಿನ ಪ್ರಮಾಣಕ್ಕಿಂತ ಸಣ್ಣದಾಗಿ ಒಡೆಯಬೇಡಿ. ±12 ಮೈಕ್ರೊಗ್ರಾಂ ತಪ್ಪಿರುವ ನಕ್ಷೆಯಲ್ಲಿ 5 ಮೈಕ್ರೊಗ್ರಾಂಗೊಂದು ಬಣ್ಣ ಹಚ್ಚಿದರೆ ಇಲ್ಲದ ಗಡಿಗಳು ಮೂಡುತ್ತವೆ, ಬಡಾವಣೆಯವರು ಅದನ್ನೇ ಹಿಡಿದು ಜಗಳಕ್ಕೆ ನಿಲ್ಲುತ್ತಾರೆ.

ಇದನ್ನು ಎಕ್ಯುಐ (ವಾಯು ಗುಣಮಟ್ಟ ಸೂಚ್ಯಂಕ) ಎಂದು ಕರೆಯಬೇಡಿ. ಭಾರತದ ಎಕ್ಯುಐಗೆ ಕನಿಷ್ಠ ಮೂರು ಮಾಲಿನ್ಯಕಾರಕಗಳ ಅಳತೆ ಬೇಕು, ಅದರಲ್ಲೊಂದು ಪಿಎಂ2.5 ಅಥವಾ ಪಿಎಂ10 ಆಗಿರಬೇಕು. ನಿಮ್ಮ ಕೈಯಲ್ಲಿರುವುದು ಒಂದೇ ಮಾಲಿನ್ಯಕಾರಕದ ಅಂದಾಜು. ‘ಉಪಗ್ರಹ ಆಧಾರಿತ ಪಿಎಂ2.5 ಅಂದಾಜು, ಮಾಸಿಕ ಸರಾಸರಿ’ ಎಂದು ಬರೆದರೆ ಸಾಕು. ಮಂಡಳಿಗೆ ‘ನಮ್ಮಲ್ಲೂ ಒಂದು ಕೇಂದ್ರ ಬೇಕು’ ಎಂದು ಅರ್ಜಿ ಕೊಡುವಾಗ ಜೊತೆಗೆ ಲಗತ್ತಿಸಲು ಅಷ್ಟೇ ಹೆಸರಿನ ನಕ್ಷೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.